ಮಳೆಗಾಲದ ಕರಾವಳಿ: ದರ್ಶನ ಮುಗಿದ ಮೇಲೆ ಸೂರು ಎಲ್ಲಿದೆ?

ಅಂತರಘಟ್ಟೆ (ಅಜ್ಜಂಪುರ): ಇಲ್ಲಿನ ದುರ್ಗಾಂಬ ದೇವಿಯ ಜಾತ್ರೆಗೆ ಪ್ರತಿ ವರ್ಷ ಬೇಸಿಗೆಯ ಹೊಸ್ತಿಲಲ್ಲಿ ಸುತ್ತಲಿನ ಊರುಗಳಿಂದ ಜನ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ. ಮಳೆಗಾಲ ಬಂದಾಗ ಪ್ರಯಾಣದ ದಿಕ್ಕು ಬದಲಾಗುತ್ತದೆ. ಬಿತ್ತನೆ ಮುಗಿಸಿದ ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಕುಟುಂಬಗಳು ಘಟ್ಟ ಇಳಿದು ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರುಗಳತ್ತ ಹೊರಡುತ್ತವೆ. ಹರಕೆ ತೀರಿಸುವುದು ಮೊದಲ ಉದ್ದೇಶ. ಜೊತೆಯಲ್ಲಿ ಬಂದ ಮಕ್ಕಳಿಗೆ ಸಮುದ್ರ ತೋರಿಸುವುದು ಎರಡನೆಯದು. ಮೊದಲನೆಯದಕ್ಕೆ ಮಳೆ ಅಡ್ಡಿಯಾಗುವುದಿಲ್ಲ. ಎರಡನೆಯದಕ್ಕೆ ಅಡ್ಡಿಯಾಗುತ್ತದೆ, ಆಗಬೇಕು ಕೂಡ.

ಸಮಸ್ಯೆ ಆರಂಭವಾಗುವುದು ಇಲ್ಲಿಂದ. ದರ್ಶನ ಆಯಿತು, ಪ್ರಸಾದದ ಊಟ ಆಯಿತು, ಮರಳುವ ಬಸ್ಸಿಗೆ ಇನ್ನೂ ಅರ್ಧ ದಿನ ಬಾಕಿ ಇದೆ. ಹೊರಗೆ ಮಳೆ ಬಿಡುವಂತಿಲ್ಲ. ಈ ಅರ್ಧ ದಿನವನ್ನು ಬಯಲುಸೀಮೆಯಿಂದ ಬಂದ ಕುಟುಂಬ ಎಲ್ಲಿ ಕಳೆಯಬೇಕು? ಕರಾವಳಿಯ ಪ್ರವಾಸೋದ್ಯಮ ಈ ಪ್ರಶ್ನೆಗೆ ಇದುವರೆಗೆ ನೇರವಾದ ಉತ್ತರ ಕೊಟ್ಟಿಲ್ಲ. ಉತ್ತರ ಇಲ್ಲವೆಂದಲ್ಲ. ಮಾಡಿನ ಕೆಳಗೆ ನೋಡಬಹುದಾದ ತಾಣಗಳು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಹತ್ತಾರಿವೆ. ಆದರೆ ಅವು ಪ್ರವಾಸಿಯ ದಾರಿಗೆ ಸಿಗುವಂತೆ ಇಲ್ಲ.

ಎರಡು ಸೀಮೆ, ಎರಡು ಮಳೆ

ಬಯಲುಸೀಮೆಯ ಪ್ರವಾಸಿಗೆ ಕರಾವಳಿಯ ಮಳೆಯ ಅಂದಾಜು ಸುಲಭಕ್ಕೆ ಸಿಗುವುದಿಲ್ಲ. ಬರದ ಪಟ್ಟಿಯಲ್ಲಿ ಪದೇ ಪದೇ ಹೆಸರು ಕಾಣಿಸಿಕೊಳ್ಳುವ ಕಡೂರು ಭಾಗದಲ್ಲಿ ಇಡೀ ವರ್ಷ ಬೀಳುವ ಮಳೆಗಿಂತ ಹೆಚ್ಚು ಮಳೆ ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. ಅಲ್ಲಿ ಜುಲೈ ತಿಂಗಳ ವಾಡಿಕೆ ಮಳೆಯೇ 1,000 ಮಿ.ಮೀ. ಆಸುಪಾಸಿನಲ್ಲಿದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 204.4 ಮಿ.ಮೀ. ದಾಟಿದರೆ ಅದು ಅತ್ಯಂತ ಭಾರಿ ಮಳೆ. ಅಂತಹ ಮುನ್ಸೂಚನೆ ಇದ್ದಾಗ ‘ರೆಡ್ ಅಲರ್ಟ್’ ಘೋಷಣೆಯಾಗುತ್ತದೆ, ಜಿಲ್ಲಾಡಳಿತ ಶಾಲೆಗಳಿಗೆ ರಜೆ ನೀಡುತ್ತದೆ, ಸಮುದ್ರ ಮತ್ತು ನದಿ ತೀರಕ್ಕೆ ಇಳಿಯಬಾರದೆಂಬ ಸೂಚನೆ ಹೊರಡುತ್ತದೆ.

ಸೂಚನೆ ಅಗತ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಮಲ್ಪೆ ಕಡಲತೀರದಲ್ಲಿ ಮಳೆಗಾಲದ ಆರಂಭದಲ್ಲಿಯೇ ಬಲೆಯ ತಡೆಬೇಲಿ ಕಟ್ಟಿ ನೀರಿಗೆ ಇಳಿಯದಂತೆ ತಡೆಯಲಾಗುತ್ತದೆ. ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲ ಮುಗಿಯುವವರೆಗೆ ದಡದಲ್ಲಿಯೇ ಉಳಿಯುತ್ತವೆ. ಮೀನಿನ ಸಂತಾನಾಭಿವೃದ್ಧಿಯ ಸಲುವಾಗಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿದೆ. ಕಡಲನ್ನೇ ನಂಬಿ ಬದುಕುವವರ ಯಂತ್ರದ ದೋಣಿಗಳೂ ಬಂದರಿನಲ್ಲಿ ಲಂಗರು ಹಾಕಿರುವ ದಿನಗಳಲ್ಲಿ, ಕಡಲನ್ನು ಜೀವನದಲ್ಲಿ ಮೊದಲ ಬಾರಿಗೆ ನೋಡುವವರು ಅಲೆಯ ಬಾಯಿಗೆ ಹೋಗಿ ನಿಲ್ಲುತ್ತಾರೆ.

ಇದರ ಬೆಲೆ ಸಣ್ಣದಲ್ಲ. 2023ರ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಭದ್ರಾವತಿಯ ಯುವಕನೊಬ್ಬ ಕಾಲು ಜಾರಿ ಕೊಚ್ಚಿಹೋದ ದೃಶ್ಯವನ್ನು ರಾಜ್ಯವೇ ನೋಡಿತು. ಭದ್ರಾವತಿ ತರೀಕೆರೆಗೆ ನೆರೆಯ ಪಟ್ಟಣ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶೈಕ್ಷಣಿಕ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಅದು ಮಳೆಗಾಲವೂ ಆಗಿರಲಿಲ್ಲ. ಎರಡೂ ಪ್ರಕರಣಗಳಲ್ಲಿ ಪ್ರಾಣ ಕಳೆದುಕೊಂಡವರು ಕರಾವಳಿಯವರಲ್ಲ, ಒಳನಾಡಿನಿಂದ ಬಂದವರು. ನೀರಿನ ಸ್ವಭಾವ ಅರಿಯದವರಿಗೆ ‘ಹೋಗಬೇಡಿ’ ಎಂಬ ಫಲಕ ಮಾತ್ರ ಸಾಲದು. ‘ಇಲ್ಲಿಗೆ ಹೋಗಿ’ ಎಂಬ ಇನ್ನೊಂದು ಫಲಕವೂ ಬೇಕಾಗುತ್ತದೆ.

ಶಕ್ತಿ ಯೋಜನೆ ತಂದ ಬದಲಾವಣೆ

ಹಿಂದೆ ಮಳೆಗಾಲವೆಂದರೆ ಕರಾವಳಿಗೆ ಪ್ರವಾಸಿಗರ ಬರ. ಈಗ ಪರಿಸ್ಥಿತಿ ಹಾಗಿಲ್ಲ. ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಜಾರಿಗೆ ಬಂದದ್ದು 2023ರ ಜೂನ್ 11ರಂದು, ಅಂದರೆ ಮುಂಗಾರಿನ ಆರಂಭದ ದಿನಗಳಲ್ಲಿ. ಅದರ ಬೆನ್ನಿಗೇ ಧರ್ಮಸ್ಥಳ ಮತ್ತು ಸುಬ್ರಹ್ಮಣ್ಯಗಳಲ್ಲಿ ವಾರಾಂತ್ಯದ ಜನಸಂದಣಿ ಸುದ್ದಿಯಾಯಿತು. ಅದುವರೆಗೆ ಊರು ಬಿಟ್ಟು ಹೋಗಲು ಮನೆಯವರ ಕೈ ನೋಡಬೇಕಿದ್ದ ಮಹಿಳೆಯರು ಗುಂಪಾಗಿ ಘಟ್ಟ ಇಳಿದರು.

ಆದರೆ ಕರಾವಳಿಯ ಸಾರಿಗೆಯ ರಚನೆಯೇ ಬೇರೆ. ಧರ್ಮಸ್ಥಳದವರೆಗೆ ಅಥವಾ ಉಡುಪಿಯವರೆಗೆ ಸರ್ಕಾರಿ ಬಸ್ ಸಿಗುತ್ತದೆ. ಅಲ್ಲಿಂದ ಮುಂದೆ ನಗರದೊಳಗಿನ ಮತ್ತು ಊರೂರುಗಳ ನಡುವಿನ ಓಡಾಟದ ಬಹುಪಾಲು ಖಾಸಗಿ ಬಸ್‌ಗಳದ್ದು. ಅಲ್ಲಿ ‘ಶಕ್ತಿ’ ಅನ್ವಯಿಸುವುದಿಲ್ಲ. ಹೀಗಾಗಿ ಉಚಿತ ಟಿಕೆಟ್ ಹಿಡಿದು ಬಂದ ಮಹಿಳೆ ದೇವಸ್ಥಾನದ ಬೀದಿಯಲ್ಲಿಯೇ ಉಳಿಯುತ್ತಾಳೆ. ಉಡುಪಿಯಿಂದ ಮಣಿಪಾಲಕ್ಕೆ ಸುಮಾರು 5 ಕಿ.ಮೀ. ಅಷ್ಟು ದೂರದಲ್ಲಿ ರಾಜ್ಯದ ಅಪರೂಪದ ವಸ್ತುಸಂಗ್ರಹಾಲಯಗಳಿವೆ ಎಂಬ ಮಾಹಿತಿ ಆಕೆಗೆ ರಥಬೀದಿಯ ಆಸುಪಾಸಿನಲ್ಲಿ ಸಿಗಬೇಕು.

ಮಾಡಿನ ಕೆಳಗೆ ಏನೇನಿದೆ?

ಇರುವುದನ್ನು ಒಮ್ಮೆ ಎಣಿಸಿ ನೋಡಿದರೆ ಕರಾವಳಿ ಬಡವಾಗಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಧರ್ಮಸ್ಥಳದಿಂದಲೇ ಆರಂಭಿಸಬಹುದು. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆ ಅವರ ಆಸಕ್ತಿಯಿಂದ ಬೆಳೆದ ‘ಮಂಜೂಷಾ’ ವಸ್ತುಸಂಗ್ರಹಾಲಯ ಮತ್ತು ಹಳೆಯ ಕಾರುಗಳ ಸಂಗ್ರಹ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಮಳೆಗಾಲದ ಪ್ರವಾಸಿಗೆ ಬೇಕಾದ ಮಾದರಿ ಇದು. ದರ್ಶನ, ಊಟ, ನೋಟ ಮೂರೂ ಒಂದೇ ಊರಿನಲ್ಲಿ ಮುಗಿಯುತ್ತವೆ, ಬೇರೆ ವಾಹನ ಹುಡುಕಬೇಕಿಲ್ಲ.

ಧರ್ಮಸ್ಥಳದಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಬಿ.ಸಿ. ರೋಡ್ ಸಿಗುತ್ತದೆ. ಇಲ್ಲಿನ ಸಂಚಯಗಿರಿಯಲ್ಲಿ ಇತಿಹಾಸದ ಪ್ರಾಧ್ಯಾಪಕ ಪ್ರೊ. ತುಕಾರಾಂ ಪೂಜಾರಿ ಅವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯವಿದೆ. ತುಳುವರ ಮನೆ, ಗದ್ದೆ, ಅಡುಗೆಮನೆ, ಆರಾಧನೆಗಳ ಪರಿಕರಗಳನ್ನು ಊರೂರು ಅಲೆದು ಕೂಡಿಹಾಕಿದ ಶ್ರಮ ಅಲ್ಲಿ ಕಾಣುತ್ತದೆ. ಅಜ್ಜಂಪುರದ ರೈತ ಕುಟುಂಬಕ್ಕೆ ತನ್ನ ಊರಿನ ನೇಗಿಲು, ಕೊಳಗಗಳನ್ನು ಕರಾವಳಿಯವುಗಳ ಪಕ್ಕದಲ್ಲಿಟ್ಟು ಹೋಲಿಸಿ ನೋಡುವ ಅವಕಾಶ ಬೇರೆಲ್ಲಿಯೂ ಇಷ್ಟು ಸುಲಭವಾಗಿ ದೊರೆಯದು.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಇನ್ನೊಂದು ಬೆರಗು. ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಿಂದ ಸುಮಾರು ಎರಡು ವರ್ಷ ಕಾಲ ಇದರ ಗೋಡೆ ಮತ್ತು ಚಾವಣಿಗಳ ಮೇಲೆ ಚಿತ್ರ ಬರೆದರು. ಅದೇ ಶಿಕ್ಷಣ ಸಂಸ್ಥೆಯ ‘ಅಲೋಶಿಯಂ’ ವಸ್ತುಸಂಗ್ರಹಾಲಯ 1913ರಷ್ಟು ಹಳೆಯದು. ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಕರ್ನಲ್ ವಿ.ಆರ್. ಮಿರಾಜ್‌ಕರ್ ತಾಯಿಯ ನೆನಪಿಗೆ ದಾನವಾಗಿ ಕೊಟ್ಟ, ಹಡಗಿನ ಆಕಾರದ ಕಟ್ಟಡ ಅದು. 1960ರಿಂದ ಸಾರ್ವಜನಿಕರಿಗೆ ತೆರೆದಿದೆ. ನಗರದ ಹೊರವಲಯದ ಪಿಲಿಕುಳದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ, 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಸ್ವಾಮಿ ವಿವೇಕಾನಂದ ತಾರಾಲಯವಿದೆ. ದೇಶದ ಮೊದಲ 3ಡಿ ತಾರಾಲಯವೆಂಬ ಹೆಸರು ಇದಕ್ಕಿದೆ. ಹೊರಗೆ ಮೋಡ ಮುಸುಕಿದ ಮಧ್ಯಾಹ್ನ ಒಳಗೆ ನಕ್ಷತ್ರ ನೋಡಿದ ಮಗುವಿಗೆ ಸಮುದ್ರ ತಪ್ಪಿತೆಂಬ ಕೊರಗು ಉಳಿಯಲಾರದು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನಿರ್ಮಾಣ ಆರಂಭವಾದದ್ದು 1430ರಲ್ಲಿ. ಅಮೃತಾಪುರದ ಹೊಯ್ಸಳ ದೇಗುಲ ನೋಡಿ ಬೆಳೆದ ತರೀಕೆರೆಯವರಿಗೆ ಇಲ್ಲಿ ಒಂದು ವ್ಯತ್ಯಾಸ ಕೂಡಲೇ ಕಣ್ಣಿಗೆ ಬೀಳುತ್ತದೆ. ಅಲ್ಲಿ ಹೊರಗೋಡೆಯ ತುಂಬ ಶಿಲ್ಪ. ಇಲ್ಲಿ ಮಳೆ ಹರಿದುಹೋಗುವಂತೆ ಇಳಿಜಾರಾದ ಮಾಡು, ಕೆತ್ತನೆಯ ಸೊಗಸೆಲ್ಲ ಒಳಗಿನ ಕಂಬಗಳಲ್ಲಿ. ಮಳೆಯನ್ನು ಲೆಕ್ಕಕ್ಕೆ ಹಿಡಿದು ಕಟ್ಟಿದ ವಾಸ್ತು ಅದು.

ಉಡುಪಿ, ಮಣಿಪಾಲದ ಪಟ್ಟಿ ಇನ್ನೂ ಉದ್ದವಿದೆ. ವಿಜಯನಾಥ ಶೆಣೈ ಅವರು ದಶಕಗಳ ಕಾಲ ದುಡಿದು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ, ಕೆಡವಿ ಹಾಕಲು ಹೊರಟಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಲಾಗಿದೆ. ಕುಕನೂರಿನ ಕಮಲ ಮಹಲ್, ದಖ್ಖನಿ ನವಾಬ್ ಮಹಲ್, ಕರಾವಳಿಯ ಚೌಕಿ ಮನೆ ಎಲ್ಲವೂ ಒಂದೇ ಆವರಣದಲ್ಲಿವೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಕೊಡೆ ಬೇಕೆಂಬುದು ನಿಜ. ಮಣಿಪಾಲದ ವೈದ್ಯಕೀಯ ಕಾಲೇಜಿನ ಅಂಗರಚನಾ ಮತ್ತು ರೋಗಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರೂ ಮಾನವ ದೇಹದ ಒಳಭಾಗಗಳನ್ನು ನೋಡಬಹುದು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡರೂ, ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ರೂಪುಗೊಂಡ ನಾಣ್ಯ ಸಂಗ್ರಹಾಲಯ ಆ ಚರಿತ್ರೆಯ ಸಾಕ್ಷಿಯಾಗಿದೆ.

ಇದ್ದೂ ಸಿಗದ ಸ್ಥಿತಿ

ಇಷ್ಟಿದ್ದೂ ಮಳೆಗಾಲದ ಪ್ರವಾಸಿಗೆ ಇವುಗಳ ಪ್ರಯೋಜನ ಪೂರ್ಣವಾಗಿ ದೊರೆಯುತ್ತಿಲ್ಲ. ಕಾರಣಗಳು ಹಲವು. ಇವುಗಳಲ್ಲಿ ಒಂದು ಸರ್ಕಾರದ್ದು, ಒಂದು ಮಠ ಅಥವಾ ಕ್ಷೇತ್ರದ್ದು, ಒಂದು ವಿಶ್ವವಿದ್ಯಾಲಯದ್ದು, ಮತ್ತೊಂದು ಒಬ್ಬ ವ್ಯಕ್ತಿಯ ಶ್ರಮದ ಫಲ. ಪ್ರತಿಯೊಂದೂ ತನ್ನ ಉದ್ದೇಶಕ್ಕೆ ತಕ್ಕಂತೆ ಹುಟ್ಟಿ ಬೆಳೆದಿದೆ. ಇವೆಲ್ಲವನ್ನೂ ಒಂದೇ ದಾರಿಯ ನಿಲ್ದಾಣಗಳೆಂದು ಯಾರೂ ಪೋಣಿಸಿಲ್ಲ.

ವಾರದ ರಜೆಯನ್ನೇ ನೋಡಬಹುದು. ಮಂಜುನಾಥ ಸ್ವಾಮಿಯ ಭಕ್ತರಿಗೆ ಸೋಮವಾರ ವಿಶೇಷ ದಿನ. ಆ ದಿನ ಧರ್ಮಸ್ಥಳಕ್ಕೆ ಬಂದವರು ಅಲ್ಲಿಂದ ಮಂಗಳೂರಿನತ್ತ ಹೊರಟರೆ ಪಿಲಿಕುಳದ ಬಾಗಿಲು ಹಾಕಿರುತ್ತದೆ. ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಸೋಮವಾರವೇ ರಜೆ. ಇನ್ನು ಹೊತ್ತಿನ ಪ್ರಶ್ನೆ. ಮಧ್ಯಾಹ್ನದ ಊಟದ ನಂತರ ಬಸ್ ಹಿಡಿದು ತಲುಪುವಷ್ಟರಲ್ಲಿ ಕಚೇರಿ ವೇಳೆಗೆ ನಡೆಯುವ ಸಂಗ್ರಹಾಲಯ ಮುಚ್ಚುವ ಹೊತ್ತಾಗುತ್ತದೆ. ಕೊನೆಗೆ ಸಂಜೆ ದೀಪ ಉರಿಯುವುದು ಮಾಲ್‌ಗಳಲ್ಲಿ ಮಾತ್ರ. ಮಂಗಳೂರಿಗೆ ಬಂದ ಪ್ರವಾಸಿ ಕುಟುಂಬ ಬೆಂಗಳೂರಿನಲ್ಲಿಯೂ ಸಿಗುವ ಅಂಗಡಿಗಳನ್ನು ಸುತ್ತಿ ಹಿಂದಿರುಗುತ್ತದೆ. ಕರಾವಳಿಯನ್ನು ನೋಡಿದಂತಾಗುವುದಿಲ್ಲ.

ಹಣ ಹರಿದ ದಿಕ್ಕನ್ನೂ ಗಮನಿಸಬೇಕು. ಸುಮಾರು 320 ಕಿ.ಮೀ. ಉದ್ದದ ಕಡಲತೀರವೇ ರಾಜ್ಯದ ಕರಾವಳಿ ಪ್ರವಾಸೋದ್ಯಮದ ಮುಖಚಿತ್ರ. 2020ರಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆತದ್ದು ಹೆಮ್ಮೆಯ ವಿಷಯವೇ. ಆದರೆ ಮರಳಿನ ಮೇಲೆ ಹೂಡಿದ ಬಂಡವಾಳ ವರ್ಷದ ನಾಲ್ಕು ತಿಂಗಳು ಮಲಗಿರುತ್ತದೆ. ಅದೇ ನಾಲ್ಕು ತಿಂಗಳು ಹೋಟೆಲ್ ಕೆಲಸಗಾರರು, ಆಟೊ ಚಾಲಕರು, ಸಣ್ಣ ಅಂಗಡಿಯವರ ದುಡಿಮೆಯೂ ಕುಗ್ಗುತ್ತದೆ. ಮಾಡಿನ ಕೆಳಗಿನ ತಾಣಗಳಿಗೆ ಸ್ವಲ್ಪ ಗಮನ ಕೊಟ್ಟರೆ ಈ ಅವಧಿಗೂ ಜೀವ ಬರಬಹುದು.

ಮೇಳ ಬೆಂಗಳೂರಿಗೆ, ಪ್ರವಾಸಿ ಬರಿಗೈಯಲ್ಲಿ

ಕರಾವಳಿಯ ಹೆಸರು ಕೇಳಿದೊಡನೆ ನೆನಪಾಗುವ ಯಕ್ಷಗಾನದ ಸ್ಥಿತಿ ಇನ್ನೂ ವಿಚಿತ್ರ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯಂದು ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ತಿರುಗಾಟ ಆರಂಭವಾಗುವುದು ದೀಪಾವಳಿಯ ನಂತರ. ಮಳೆಗಾಲದಲ್ಲಿ ಹಲವು ಕಲಾವಿದರು ಬೆಂಗಳೂರಿನಂತಹ ನಗರಗಳ ಸಭಾಂಗಣಗಳಲ್ಲಿ ಪ್ರದರ್ಶನ ಕೊಡುತ್ತಾರೆ. ಕೆಲವರು ನಾಲ್ಕೈದು ಮಂದಿಯ ‘ಚಿಕ್ಕಮೇಳ’ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗುತ್ತಾರೆ. ವೇಷವಿಲ್ಲದೆ ಮಾತಿನಲ್ಲಿಯೇ ನಡೆಯುವ ತಾಳಮದ್ದಳೆಗೆ ಇದು ಸುಗ್ಗಿಯ ಕಾಲ. ಬೆಂಗಳೂರಿನ ಪ್ರೇಕ್ಷಕ ಜುಲೈಯಲ್ಲಿ ಯಕ್ಷಗಾನ ನೋಡುತ್ತಾನೆ. ಅದೇ ಜುಲೈಯಲ್ಲಿ ಉಡುಪಿಗೆ ಬಂದ ಅಜ್ಜಂಪುರದ ಪ್ರವಾಸಿಗೆ ಎಲ್ಲಿ, ಯಾವಾಗ ನೋಡಬಹುದೆಂಬುದೇ ತಿಳಿಯುವುದಿಲ್ಲ.

ನೆರೆಯ ಕೇರಳದ ಅನುಭವ ಇಲ್ಲಿ ಪಾಠವಾಗಬಲ್ಲದು. ಕೊಚ್ಚಿಯ ಕೋಟೆ ಪ್ರದೇಶದಲ್ಲಿ ಪ್ರವಾಸಿಗರಿಗಾಗಿ ಸಂಜೆಯ ವೇಳೆ ಸಭಾಂಗಣದೊಳಗೆ ಕಥಕಳಿ ಪ್ರದರ್ಶನ ನಡೆಸುವ ಕೇಂದ್ರಗಳಿವೆ. ಬೇಗ ಬಂದವರು ಕಲಾವಿದರು ಬಣ್ಣ ಹಚ್ಚಿಕೊಳ್ಳುವುದನ್ನೂ ನೋಡಬಹುದು. ಇಡೀ ರಾತ್ರಿಯ ಕಲೆಯನ್ನು ಗಂಟೆಗೆ ಇಳಿಸುವುದರ ಬಗ್ಗೆ ಆಕ್ಷೇಪ ಇರಬಹುದು. ಆದರೆ ಆಟದ ತಿಂಗಳುಗಳಲ್ಲಿ ಬಯಲಾಟ ತನ್ನ ಪೂರ್ಣ ರೂಪದಲ್ಲಿ ನಡೆದೇ ನಡೆಯುತ್ತದೆ. ಮಳೆಗಾಲದ ಕಿರು ಪ್ರದರ್ಶನ ಅದಕ್ಕೆ ಪೈಪೋಟಿಯಲ್ಲ. ಬಿಡುವಿನ ತಿಂಗಳಲ್ಲಿ ಕಲಾವಿದನ ಮನೆಯ ಒಲೆಗೂ ಅದು ಆಸರೆ.

ಆಟಿ ತಿಂಗಳ ಕಥೆಯೂ ಇದೇ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಈ ತಿಂಗಳಲ್ಲಿ ‘ಆಟಿಡೊಂಜಿ ದಿನ’ ಎಂಬ ಕೂಟಗಳು ಸಭಾಭವನಗಳಲ್ಲಿ ನಡೆಯುತ್ತವೆ. ಪತ್ರೊಡೆ, ಹಲಸಿನ ಬೀಜದ ಪದಾರ್ಥ, ಕೆಸುವಿನ ಎಲೆಯ ಅಡುಗೆ ಬಡಿಸುತ್ತಾರೆ, ಆಟಿ ಕಳಂಜದ ಪರಿಚಯವಾಗುತ್ತದೆ. ಮಳೆಗೆ ಹೆದರಿ ಅಲ್ಲ, ಮಳೆಯನ್ನು ಒಪ್ಪಿಕೊಂಡು ಒಳಗೆ ಕುಳಿತು ಬದುಕಿದ ಜನರ ಸಂಸ್ಕೃತಿ ಅದು. ಈ ಕೂಟಗಳು ನಡೆಯುವುದು ಊರಿನವರಿಗಾಗಿ. ಅವುಗಳಲ್ಲಿ ಕೆಲವನ್ನಾದರೂ ಹೊರಗಿನವರಿಗೆ ತೆರೆದರೆ ಕಡಲ ಅಲೆಗಿಂತ ಹೆಚ್ಚಿನದನ್ನು ಅವರು ಊರಿಗೆ ಕೊಂಡೊಯ್ಯುತ್ತಾರೆ.

ಎಚ್ಚರಿಕೆಯ ಗೆರೆ

ಒಳಾಂಗಣ ತಾಣಗಳ ಮಾತು ಆಡುವಾಗ ಒಂದು ಅಂಶವನ್ನು ಮರೆಯುವಂತಿಲ್ಲ. ಮಳೆ ವಿಪರೀತವಾದ ದಿನ ಸುರಕ್ಷಿತ ತಾಣವೆಂದರೆ ಸ್ವಂತ ಮನೆ. ಅಂತರಘಟ್ಟೆಯಿಂದ ಧರ್ಮಸ್ಥಳಕ್ಕೆ ಹೋಗುವವರು ಚಾರ್ಮಾಡಿ ಘಾಟಿ ಇಳಿಯಬೇಕು. 2019ರ ಆಗಸ್ಟ್‌ನಲ್ಲಿ ಆ ರಸ್ತೆ ಹಲವು ಕಡೆ ಕುಸಿದು ಸಂಚಾರ ಸ್ಥಗಿತಗೊಂಡಿತ್ತು. ಉಡುಪಿಗೆ ಹೋಗುವ ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಹೇರುವುದು ವಾಡಿಕೆಯಾಗಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ರೈಲು ಮಾರ್ಗವೂ ಭೂಕುಸಿತದಿಂದ ಬಂದ್ ಆಯಿತು. ಆದ್ದರಿಂದ ಮಳೆಗಾಲದ ಪ್ರವಾಸಕ್ಕೆ ಪ್ರಚಾರ ಕೊಡುವವರು ಅದರ ಜೊತೆಯಲ್ಲಿಯೇ ‘ಇಂದು ಹೊರಡಬೇಡಿ’ ಎಂದು ಹೇಳುವ ವ್ಯವಸ್ಥೆಯನ್ನೂ ಇಟ್ಟುಕೊಳ್ಳಬೇಕಾಗುತ್ತದೆ.

ತಾಣಗಳ ತಾಳಿಕೆಯ ಪ್ರಶ್ನೆಯೂ ಇದೆ. ಕರಾವಳಿಯ ತೇವ ಬಣ್ಣಕ್ಕೆ, ಬಟ್ಟೆಗೆ, ತಾಳೆಗರಿಗೆ ಶತ್ರು. ಅಲೋಶಿಯಸ್ ಚಾಪೆಲ್‌ನ ಚಿತ್ರಗಳಿಗೆ 1990ರ ದಶಕದಲ್ಲಿ ತಜ್ಞರಿಂದ ಜೀರ್ಣೋದ್ಧಾರ ಮಾಡಿಸಬೇಕಾಯಿತು. ಒದ್ದೆ ಬಟ್ಟೆಯ ನೂರಾರು ಜನರನ್ನು ಒಮ್ಮೆಲೇ ಸಣ್ಣ ಸಂಗ್ರಹಾಲಯದೊಳಗೆ ಬಿಟ್ಟರೆ ಉಳಿಸಬೇಕಾದದ್ದೇ ಹಾಳಾದೀತು. ಬಸದಿ, ಚಾಪೆಲ್‌ಗಳು ಮೊದಲು ಪ್ರಾರ್ಥನೆಯ ಸ್ಥಳಗಳು, ನೋಟದ ತಾಣವಾಗುವುದು ನಂತರ. ಖಾಸಗಿ ಶ್ರಮದಿಂದ ನಡೆಯುವ ಕೇಂದ್ರಗಳಿಗೆ ಜನ ಕಳುಹಿಸುವ ಮುನ್ನ ಸರ್ಕಾರ ಅವುಗಳ ನಿರ್ವಹಣೆಗೆ ನೆರವು ಕೊಡುವುದು ನ್ಯಾಯ.

ಆಗಬೇಕಾದದ್ದೇನು?

ದೊಡ್ಡ ಕಟ್ಟಡಗಳ ಅಗತ್ಯ ಇಲ್ಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಜಿಲ್ಲೆಗಳ ಒಳಾಂಗಣ ತಾಣಗಳ ವೇಳೆ, ರಜೆ, ಶುಲ್ಕದ ಮಾಹಿತಿಯುಳ್ಳ ಒಂದು ಹಾಳೆಯ ಕನ್ನಡ ಕೈಪಿಡಿ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರುಗಳ ಬಸ್ ನಿಲ್ದಾಣಗಳಲ್ಲಿ ಸಿಗಬೇಕು. ಕಡೂರು, ಬೀರೂರು, ತರೀಕೆರೆ ನಿಲ್ದಾಣಗಳಲ್ಲಿ ಸಿಕ್ಕರೆ ಇನ್ನೂ ಒಳಿತು, ಏಕೆಂದರೆ ಪ್ರವಾಸದ ಯೋಜನೆ ಆಗುವುದು ಹೊರಡುವ ಊರಿನಲ್ಲಿ. ಎಲ್ಲ ತಾಣಗಳೂ ಒಂದೇ ದಿನ ಬಾಗಿಲು ಹಾಕದಂತೆ ವಾರದ ರಜೆಯನ್ನು ಹಂಚಿಕೊಳ್ಳಬಹುದು. ವಾರಾಂತ್ಯದಲ್ಲಿ ಸಂಜೆ 7ರವರೆಗೆ ಕೆಲವನ್ನಾದರೂ ತೆರೆದಿಡಬಹುದು. ಉಡುಪಿ ಮತ್ತು ಮಣಿಪಾಲ ನಡುವೆ, ಮಂಗಳೂರು ಮತ್ತು ಪಿಲಿಕುಳ ನಡುವೆ ಈ ನಾಲ್ಕು ತಿಂಗಳ ಮಟ್ಟಿಗಾದರೂ ಹೆಚ್ಚಿನ ಸರ್ಕಾರಿ ಬಸ್ ಓಡಿಸಿದರೆ ‘ಶಕ್ತಿ’ಯ ಪ್ರಯಾಣ ದೇವಸ್ಥಾನದ ಬಾಗಿಲಲ್ಲಿ ನಿಲ್ಲುವುದಿಲ್ಲ. ಕಡಲತೀರದ ತಡೆಬೇಲಿಯ ಮೇಲೆಯೇ ಹತ್ತಿರದ ಒಳಾಂಗಣ ತಾಣದ ಹೆಸರು, ದೂರ, ದಾರಿಯನ್ನು ಬರೆದು ಹಾಕಬಹುದು. ಇದರ ಖರ್ಚು ಒಂದು ಫಲಕದ್ದು.

ಮಕ್ಕಳಿಗೆ ಕಡಲು ತೋರಿಸುತ್ತೇವೆಂದು ಮಾತು ಕೊಟ್ಟು ಘಟ್ಟ ಇಳಿದ ತಂದೆ ತಾಯಿಯನ್ನು ಬೇಲಿಯೊಂದೇ ತಡೆದು ನಿಲ್ಲಿಸಲಾರದು. ಅವರ ಕೈಗೆ ಇನ್ನೊಂದು ದಾರಿ ಕೊಟ್ಟರೆ ಬೇಲಿಯ ಕೆಲಸ ಹಗುರವಾಗುತ್ತದೆ. ದೂರದಿಂದ ಕಡಲು ನೋಡಿ, ತಾರಾಲಯದಲ್ಲೋ ಚೌಕಿ ಮನೆಯ ಜಗಲಿಯಲ್ಲೋ ಮಧ್ಯಾಹ್ನ ಕಳೆದು, ರಾತ್ರಿಯ ಬಸ್ಸಿಗೆ ಎಲ್ಲರೂ ಒಟ್ಟಾಗಿ ಹತ್ತುವಂತಾದರೆ ಆ ಪ್ರವಾಸ ಸಾರ್ಥಕ. ಮುಂದಿನ ಮುಂಗಾರಿಗೆ ಮೊದಲು ಎರಡೂ ಜಿಲ್ಲೆಗಳ ಆಡಳಿತ ಮತ್ತು ಪ್ರವಾಸೋದ್ಯಮ ಇಲಾಖೆ ಈ ನಿಟ್ಟಿನಲ್ಲಿ ಯೋಚಿಸುವುದು ಅಗತ್ಯ.